ಕೆಲಸ ಮುಗಿದ ನಾಯಿ

ಅಡಿಕೆ ತೋಟವಿರುವ ಮನೆಗಳಲ್ಲಿ, ಕೋಳಿ ಸಾಕಣೆಯ ಶೆಡ್ಡುಗಳಲ್ಲಿ, ಊರಿನಿಂದ ದೂರವಿರುವ ಒಂಟಿ ಮನೆಗಳಲ್ಲಿ ನಮ್ಮವರೂ ನಾಯಿ ಸಾಕುತ್ತಾರೆ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಅದು ಬೇಕೇ ಬೇಕು. ಬೇಟೆಗೆ, ಜಾನುವಾರು ಕಾಯಲು ಮತ್ತು ಬೆಳೆಯ ಕಾವಲಿಗೆ ನಾಯಿ ಇಟ್ಟುಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿ ಕೊಟ್ಟಿರುವುದರಿಂದ ಈ ವಿಷಯದಲ್ಲಿ ಯಾರಿಗೂ ಸಂಕೋಚವಿಲ್ಲ. ಹತ್ತು ಹನ್ನೆರಡು ವರ್ಷ ಅದು ತೋಟ ಕಾಯುತ್ತದೆ. ಆಮೇಲೆ ಕಣ್ಣು ಮಂಜಾಗುತ್ತದೆ, ಕಿವಿ ಕೇಳಿಸುವುದಿಲ್ಲ, ಹಿಂಗಾಲು ಎಳೆಯತೊಡಗುತ್ತದೆ, ಹೊಟ್ಟೆಯ ಕೆಳಗೊಂದು ಗಡ್ಡೆ ಕಾಣಿಸಿಕೊಳ್ಳುತ್ತದೆ. ಆಗ ಏನಾಗುತ್ತದೆ? ಒಂದು ಬೆಳಿಗ್ಗೆ ಅದನ್ನು ಜೀಪಿನ ಹಿಂದೆ ಕಟ್ಟಿ ಕರೆದೊಯ್ದು ಮೀನು ಮಾರುಕಟ್ಟೆಯ ಹತ್ತಿರವೋ ಘಾಟಿಯ ತಿರುವಿನಲ್ಲೋ ಬಿಟ್ಟು ಬರುತ್ತಾರೆ. ಅಲ್ಲಿ ತಿನ್ನಲು ಏನಾದರೂ ಸಿಗುತ್ತದೆ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ. ಆ ವಾರವೇ ತೋಟಕ್ಕೆ ಹೊಸ ಮರಿ ಬಂದಿರುತ್ತದೆ.

ಈ ತಿಂಗಳು ನಾನು ಬರೆಯಬೇಕೆಂದಿರುವುದು ಹಾಗೆ ಬಿಟ್ಟು ಬಂದ ನಾಯಿಯ ಬಗ್ಗೆ. ಅಂಥ ನಾಯಿಯನ್ನು ಅದು ಸಾಯುವವರೆಗೆ ಮಾತ್ರ ನೋಡಿಕೊಳ್ಳುತ್ತೇವೆಂದು ಮನೆಗೆ ಕರೆದೊಯ್ಯುವ ಜನರೂ ಇದ್ದಾರೆ. ಅವರ ಬಗ್ಗೆಯೂ ಬರೆಯಬೇಕಿದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಒಡ್ಡಿ ಬಿಟ್ಟುಹೋಗುವುದು ನಮ್ಮ ದೇಶದಲ್ಲಿ ಅಪರಾಧ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇದು ಸ್ಪಷ್ಟವಾಗಿದೆ. ಆದರೆ ಮೊದಲ ತಪ್ಪಿಗೆ ಆ ಕಾಯ್ದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಒಂದು ಕಿಲೋ ಬಂಗುಡೆಯೂ ಇಂದು ಆ ಬೆಲೆಗೆ ಸಿಗದು. ಕಾನೂನಿಗೆ ಹೆದರಿ ಯಾರೂ ಮುದಿ ನಾಯಿಯನ್ನು ಇಟ್ಟುಕೊಳ್ಳುವುದಿಲ್ಲ ಎಂದಾಯಿತು.

ತೋಟದವರನ್ನು ಮಾತ್ರ ದೂರುವುದು ಸರಿಯಲ್ಲ. ದೊಡ್ಡ ದೊಡ್ಡ ಸರ್ಕಾರಗಳೂ ಇದನ್ನೇ ಮಾಡಿವೆ. ಅಮೆರಿಕದ ಸೇನೆಯಲ್ಲಿ ರಾಬಿ ಎಂಬ ನಾಯಿಯಿತ್ತು, ಬೆಲ್ಜಿಯನ್ ಮ್ಯಾಲಿನೋಯಿ ತಳಿಯದು. ಸೊಂಟ, ಮೊಣಕೈಗಳಲ್ಲಿ ನೋವು ಹೆಚ್ಚಾಗಿ ಕೆಲಸಕ್ಕೆ ಬಾರದಾದಾಗ, ಅದರೊಡನೆ ದುಡಿದಿದ್ದ ಸೈನಿಕರೊಬ್ಬರು ತಾನೇ ಮನೆಗೆ ಕರೆದೊಯ್ಯುತ್ತೇನೆಂದು ಕೇಳಿಕೊಂಡರು. ನಿಯಮ ಅದಕ್ಕೆ ಅವಕಾಶ ಕೊಡಲಿಲ್ಲ. ನಿವೃತ್ತ ನಾಯಿಗಳಿಗೆ ಚುಚ್ಚುಮದ್ದು ಕೊಟ್ಟು ಮುಗಿಸುವುದೇ ಅಂದಿನ ಪದ್ಧತಿಯಾಗಿತ್ತು. ಜನರು ಸಂಸತ್ತಿಗೆ ಪತ್ರಗಳನ್ನು ಬರೆದರು. 2000ದ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನಿಗೆ ಆ ನಾಯಿಯ ಹೆಸರೇ ಉಳಿಯಿತು, ಅದನ್ನು ರಾಬಿಯ ಕಾನೂನು ಎಂದು ಕರೆಯುತ್ತಾರೆ. ಅಂದಿನಿಂದ ನಿವೃತ್ತ ನಾಯಿಗಳು ಮನೆ ಸೇರಲು ಸಾಧ್ಯವಾಯಿತು. ಆದರೆ ರಾಬಿ ಅಷ್ಟರಲ್ಲಿ ಬಹಳ ಕುಸಿದಿತ್ತು. ಕಾನೂನು ಬಂದು ಕೆಲವೇ ವಾರಗಳಲ್ಲಿ, 2001ರ ಆರಂಭದಲ್ಲಿ, ಅದರ ಕೊನೆಯಾಯಿತು.

ನಮ್ಮ ದೇಶದಲ್ಲಿಯೂ ಸೇನೆಯ ನಾಯಿಗಳ ಗತಿ ಹೀಗೆಯೇ ಇತ್ತು. 2015ರಲ್ಲಿ ಮಾಹಿತಿ ಹಕ್ಕಿನಡಿ ಬಂದ ಉತ್ತರದಿಂದ ಇದು ಹೊರಬಿತ್ತು, ವಿಷಯ ದೆಹಲಿ ಹೈಕೋರ್ಟಿಗೂ ಹೋಯಿತು, ನೀತಿ ಬದಲಾಯಿತು. ಮೀರತ್‌ನಲ್ಲಿರುವ ಸೇನೆಯ ರಿಮೌಂಟ್ ವೆಟರಿನರಿ ಕೋರ್ ಕೇಂದ್ರದಲ್ಲಿ ವಯಸ್ಸಾದ ನಾಯಿಗಳಿಗಾಗಿಯೇ ಒಂದು ಆಶ್ರಯವಿದೆ. ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿಯ ಮರಿಗಳನ್ನು 2016ರಲ್ಲಿ ತರಬೇತಿಗಾಗಿ ಕಳುಹಿಸಿದ್ದು ಇದೇ ಮೀರತ್‌ಗೆ.

ಸೇನೆಯ ನಾಯಿಗಾದರೂ ಕೇಳುವವರಿದ್ದಾರೆ. ಹೆಸರಿಲ್ಲದ ಮುದಿ ನಾಯಿಗೆ ಯಾರಿದ್ದಾರೆ? ಪ್ರಾಣಿ ಆಶ್ರಯ ಕೇಂದ್ರಗಳಲ್ಲಿ ಕೆಲಸ ಮಾಡಿದ ಯಾರನ್ನೇ ಕೇಳಿ, ಬಂದವರೆಲ್ಲ ಮೊದಲು ನೋಡುವುದು ಮರಿಗಳನ್ನು ಎಂದೇ ಹೇಳುತ್ತಾರೆ. ಮೂತಿ ಬೆಳ್ಳಗಾದ ನಾಯಿ ಗೂಡಿನ ಮೂಲೆಯಲ್ಲಿ ಮಲಗಿರುತ್ತದೆ, ಅದನ್ನು ದಾಟಿ ಮುಂದೆ ಹೋಗುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕೇಶ ವಿನ್ಯಾಸಕಿಯಾಗಿದ್ದ ಶೆರಿ ಫ್ರಾಂಕ್ಲಿನ್ ಎಂಬ ಮಹಿಳೆ ಬಿಡುವಿನ ವೇಳೆಯಲ್ಲಿ ಇಂಥ ಕೇಂದ್ರದಲ್ಲಿ ಸ್ವಯಂಸೇವೆ ಮಾಡುತ್ತಿದ್ದಾಗ ಇದನ್ನೇ ಕಂಡರು. ಯಾರೂ ಆರಿಸದ ಮುದಿ ನಾಯಿಗಳನ್ನು ಒಂದೊಂದಾಗಿ ಮನೆಗೆ ತರತೊಡಗಿದರು. 2007ರಲ್ಲಿ ಮಟ್‌ವಿಲ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಏಳು ವರ್ಷ ದಾಟಿದ ನಾಯಿಗಳಿಗಾಗಿ ಇರುವ ಸಂಸ್ಥೆ ಅದು. ಹತ್ತು ಸಾವಿರಕ್ಕೂ ಹೆಚ್ಚು ಮುದಿ ನಾಯಿಗಳು ಅದರ ಮೂಲಕ ನೆಲೆ ಕಂಡಿವೆ. 62 ವರ್ಷ ದಾಟಿದ ಹಿರಿಯರು ನಾಯಿಯನ್ನು ಕರೆದೊಯ್ಯಲು ಬಂದರೆ ಅವರಿಂದ ಶುಲ್ಕ ಪಡೆಯುವುದಿಲ್ಲ. ಮುದಿ ನಾಯಿಗೆ ಓಡಾಟ ಬೇಡ, ಪಕ್ಕದಲ್ಲೊಬ್ಬರು ಕುಳಿತಿದ್ದರೆ ಸಾಕು. ಮಕ್ಕಳೆಲ್ಲ ದೂರದ ಊರಿನಲ್ಲಿರುವ ಹಿರಿಯರಿಗೂ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. (ನಮ್ಮಲ್ಲಿ ಆ ಜಾಗದಲ್ಲಿ ಬೆಕ್ಕಿದೆ. ಮೀನಿನ ತಲೆಯನ್ನು ಬೆಕ್ಕಿಗೆಂದು ತೆಗೆದಿಡದ ಅಜ್ಜಿಯನ್ನು ನಾನಂತೂ ಕಂಡಿಲ್ಲ.)

ಈ ಸಂಸ್ಥೆಯವರ ಇನ್ನೊಂದು ಯೋಜನೆಯೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು. ಅದಕ್ಕೆ ಅವರು ಕೊಟ್ಟ ಹೆಸರು ಫಾಸ್ಪೈಸ್. ಫಾಸ್ಟರ್ ಮತ್ತು ಹಾಸ್ಪೈಸ್ ಎಂಬ ಎರಡು ಪದಗಳನ್ನು ಬೆಸೆದು ಮಾಡಿದ್ದು. ಹಾಸ್ಪೈಸ್ ಎಂದರೇನೆಂದು ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರಬಹುದು. ಗುಣವಾಗದ ಕಾಯಿಲೆಯವರಿಗೆ ಇನ್ನು ಶಸ್ತ್ರಚಿಕಿತ್ಸೆ ಬೇಡ, ನೋವು ಕಡಿಮೆ ಮಾಡಿ, ಶುಚಿಯಾಗಿಟ್ಟು, ಒಂಟಿ ಬಿಡದೆ ಕೊನೆಯ ದಿನಗಳನ್ನು ಸಹನೀಯ ಮಾಡೋಣ ಎಂಬ ಆರೈಕೆ ಇದು. ಲಂಡನ್ನಿನಲ್ಲಿ ಡಾ. ಸಿಸಿಲಿ ಸಾಂಡರ್ಸ್ 1967ರಲ್ಲಿ ಇಂದಿನ ರೀತಿಯ ಮೊದಲ ಹಾಸ್ಪೈಸ್ ತೆರೆದರು. ನಮಗೆ ಹತ್ತಿರದ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಶುರುವಾದ ಉಪಶಾಮಕ ಆರೈಕೆಯ ಕೆಲಸ ಮಲಬಾರಿನ ಮನೆಮನೆಗೆ ಹಬ್ಬಿತು. ನೆರೆಹೊರೆಯ ಸ್ವಯಂಸೇವಕರೇ ರೋಗಿಯ ಮನೆಗೆ ಹೋಗಿ ಗಾಯ ತೊಳೆಯುವ, ಹಾಸಿಗೆ ಬದಲಿಸುವ ಆ ವ್ಯವಸ್ಥೆಯನ್ನು ನೋಡಿ ಬರಲು ಬೇರೆ ದೇಶಗಳಿಂದಲೂ ಜನ ಬರುತ್ತಾರೆ. ರೋಗಿಗೆ ಆಸ್ಪತ್ರೆಯ ಮಂಚಕ್ಕಿಂತ ಮನೆಯ ಮೂಲೆ ಹಿತ ಎಂಬುದು ಅದರ ತಿರುಳು. ನಾಯಿಗೂ ಇದನ್ನೇ ಅನ್ವಯಿಸಿದರೆ ಫಾಸ್ಪೈಸ್ ಆಗುತ್ತದೆ.

ವ್ಯವಸ್ಥೆ ಸರಳವಾಗಿದೆ. ಇನ್ನು ಹೆಚ್ಚು ದಿನವಿಲ್ಲವೆಂದು ಪಶುವೈದ್ಯರು ಹೇಳಿದ ನಾಯಿಯನ್ನು ಒಂದು ಕುಟುಂಬ ಮನೆಗೆ ಕರೆದೊಯ್ಯುತ್ತದೆ. ನಾಯಿಯ ಹೊಣೆ ಕಾಗದದ ಮೇಲೆ ಸಂಸ್ಥೆಯದೇ ಆಗಿರುತ್ತದೆ. ವೈದ್ಯರ ಖರ್ಚು, ಔಷಧಿಯ ಖರ್ಚು ಸಂಸ್ಥೆಯದು. ಕುಟುಂಬ ಕೊಡಬೇಕಾದದ್ದು ಜಾಗ ಮತ್ತು ಸಮಯ. ಟೆನೆಸ್ಸಿ ರಾಜ್ಯದ ಮೌಂಟ್ ಜೂಲಿಯೆಟ್ ಎಂಬಲ್ಲಿ ಮೈಕಲ್ ಮತ್ತು ಜೀನಾ ಗುಡಿನ್ ದಂಪತಿ 2012ರಲ್ಲಿ ಆರಂಭಿಸಿದ ಓಲ್ಡ್ ಫ್ರೆಂಡ್ಸ್ ಎಂಬ ಆಶ್ರಯದವರೂ ಇದೇ ಕ್ರಮ ಅನುಸರಿಸುತ್ತಾರೆ. ಅವರ ಹೆಚ್ಚಿನ ನಾಯಿಗಳು ಇರುವುದು ಸುತ್ತಮುತ್ತಲಿನ ಊರುಗಳ ಮನೆಗಳಲ್ಲಿ. ಹಣದ ಭಯದಿಂದಲೇ ಜನ ಮುದಿ ನಾಯಿಯನ್ನು ದೂರವಿಡುತ್ತಾರೆ, ಆ ಭಯ ತೆಗೆದರೆ ಬಾಗಿಲು ತೆರೆಯುವವರು ಬಹಳ ಮಂದಿ ಇದ್ದಾರೆ ಎಂಬುದನ್ನು ಈ ಎರಡು ಸಂಸ್ಥೆಗಳು ತೋರಿಸಿಕೊಟ್ಟಿವೆ. ವಸ್ತುತಃ ಸಾಯುವ ನಾಯಿಗೆ ಆಶ್ರಯ ಕೇಂದ್ರದ ಗೂಡು ಒಳ್ಳೆಯ ಜಾಗವೂ ಅಲ್ಲ. ಗಂಟು ನೋವಿರುವ ಪ್ರಾಣಿಗೆ ಸಿಮೆಂಟ್ ನೆಲ, ಕಣ್ಣು ಕಾಣದ ಪ್ರಾಣಿಗೆ ಸುತ್ತ ಐವತ್ತು ನಾಯಿಗಳ ಬೊಗಳುವಿಕೆ. ಅಲ್ಲಿನ ಕೆಲಸಗಾರರಿಗೆ ಅದರ ಪಕ್ಕದಲ್ಲಿ ಐದು ನಿಮಿಷ ಕೂರಲೂ ಪುರುಸೊತ್ತಿರುವುದಿಲ್ಲ.

ಮನೆಯಲ್ಲಾದರೆ ಮಾಡಬೇಕಾದ ಕೆಲಸವೇನು? ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡ ನಮ್ಮ ಸಹೋದರಿಯರಿಗೆ ಇದರಲ್ಲಿ ಹೊಸತೇನೂ ಕಾಣದು. ದಪ್ಪನೆಯ ಹಾಸು ಬೇಕು, ಅದನ್ನು ದಿನವೂ ಬದಲಿಸಬೇಕು. ಏಳಲಾಗದ ನಾಯಿಯನ್ನು ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲವಾದರೆ ಮೂಳೆ ಎದ್ದಿರುವ ಕಡೆ ಹುಣ್ಣಾಗುತ್ತದೆ. ಜಾರುವ ಟೈಲ್ಸ್ ನೆಲದ ಮೇಲೆ ಗೋಣಿಯನ್ನೋ ರಬ್ಬರ್ ಮ್ಯಾಟನ್ನೋ ಹಾಸಬೇಕು. ಕುತ್ತಿಗೆ ಬಗ್ಗಿಸಲಾರದ್ದಕ್ಕೆ ನೀರಿನ ಪಾತ್ರೆಯನ್ನು ಒಂದು ಇಟ್ಟಿಗೆಯ ಮೇಲೆ ಎತ್ತರಿಸಿ ಇಡಬೇಕು. ಮೂತ್ರಪಿಂಡ ಕೆಟ್ಟ ನಾಯಿ ಬಹಳ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ. ಅದಕ್ಕೆ ಗದರಿಸಬಾರದು, ನೀರನ್ನು ಕಡಿಮೆ ಮಾಡಲೇಬಾರದು. ಕೆಲವು ಮುದಿ ನಾಯಿಗಳಿಗೆ ಮನುಷ್ಯರಂತೆಯೇ ಮರೆವು ಬರುತ್ತದೆ. ರಾತ್ರಿಯಿಡೀ ಅಲೆಯುತ್ತವೆ, ಗೋಡೆಯ ಮೂಲೆಗೆ ಮುಖ ಮಾಡಿ ನಿಲ್ಲುತ್ತವೆ, ದಿನವೂ ಅನ್ನ ಹಾಕುವವರನ್ನೇ ಗುರುತಿಸುವುದಿಲ್ಲ. ಒಂದು ಸಣ್ಣ ದೀಪ ಉರಿಸಿಟ್ಟರೆ, ಪಾತ್ರೆ ಹಾಸುಗಳ ಜಾಗ ಬದಲಿಸದಿದ್ದರೆ ಗಾಬರಿ ಕಡಿಮೆಯಾಗುತ್ತದೆ.

ನಾಯಿ ನೋವನ್ನು ಕೂಗಿ ಹೇಳುವುದು ಕಡಿಮೆ. ಏದುಸಿರು, ನಡುಕ, ಒಂದೇ ಜಾಗವನ್ನು ನೆಕ್ಕುತ್ತಿರುವುದು, ಮುಟ್ಟಿದಾಗ ತಿರುಗಿ ನೋಡುವುದು, ಮಲಗಲು ಜಾಗ ಸಿಗದಂತೆ ಸುತ್ತುವುದು, ಇವು ಅದರ ಮಾತುಗಳು. ಆದರೆ ನೋವು ಕಂಡಿತೆಂದು ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ನಮಗೆ ಜ್ವರಕ್ಕೂ ಹಲ್ಲುನೋವಿಗೂ ನಡೆಯುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪ್ಯಾರಸಿಟಮಾಲ್ ಕೂಡ ಅಪಾಯಕಾರಿಯಾಗಬಲ್ಲದು, ಬೆಕ್ಕಿಗಂತೂ ಅದು ವಿಷ. ಪ್ರಾಣಿಗಳಿಗೆ ಸುರಕ್ಷಿತವಾದ ನೋವಿನ ಔಷಧಿಗಳಿವೆ, ಅವನ್ನು ತೂಕ ನೋಡಿ ಪಶುವೈದ್ಯರೇ ಬರೆದುಕೊಡಬೇಕು.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಲೇಬೇಕು. ಒಂದು, ಕಾಯಿಲೆ ಬಿದ್ದ ಬೀದಿ ನಾಯಿಯನ್ನೆಲ್ಲ ಮನೆಗೆ ಎತ್ತಿ ತರುವಂತಿಲ್ಲ. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಕೆಳದವಡೆ ಜೋತುಬಿದ್ದು ನುಂಗಲಾಗದೆ ತೂರಾಡುತ್ತಿದ್ದರೆ ಅದು ರೇಬೀಸ್ ಇರಬಹುದು. ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ತಿಳಿಸಿ, ಮಕ್ಕಳನ್ನು ದೂರವಿಡಿ. ನಾಯಿ ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಶುರುವಾದ ಮೇಲೆ ಮನುಷ್ಯನಿಗೂ ಔಷಧಿಯಿಲ್ಲ. ಎರಡನೆಯದು ಇದಕ್ಕೆ ಉಲ್ಟಾ. ಸಾಯುತ್ತದೆಂದು ನಾವು ಕೈಬಿಟ್ಟ ಎಷ್ಟೋ ನಾಯಿಗಳು ಸಾಯಬೇಕಾಗಿಲ್ಲ. ನಮ್ಮ ಬೀದಿ ನಾಯಿಗಳ ಗುಪ್ತಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಒಸರುವ ಗಡ್ಡೆಯನ್ನು ಎಲ್ಲರೂ ಕಂಡಿದ್ದೇವೆ. ನೋಡಲು ಭಯಂಕರ. ಅದು ನಾಯಿಯಿಂದ ನಾಯಿಗೆ ಹರಡುವ ಒಂದು ಬಗೆಯ ಕ್ಯಾನ್ಸರ್ ನಿಜ, ಆದರೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟರೆ ಬಹುತೇಕ ನಾಯಿಗಳಲ್ಲಿ ಕರಗಿ ಹೋಗುತ್ತದೆ. ಆದ್ದರಿಂದ ಕೊನೆಯ ದಿನಗಳು ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು, ದಾರಿಹೋಕರಲ್ಲ.

ಇಷ್ಟು ಓದಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕಾದು ಕುಳಿತಿರುತ್ತದೆ ಎಂದು ನನಗೆ ಗೊತ್ತು. ಮದ್ರಸದಲ್ಲಿ ಅದನ್ನು ಮಕ್ಕಳೇ ನೇರವಾಗಿ ಕೇಳುತ್ತಾರೆ. "ಉಸ್ತಾದ್, ನಾಯಿ ಮುಟ್ಟಿದರೆ ವುದೂ ಹೋಗುತ್ತದಾ?" ಎಂದು ಹುಡುಗನೊಬ್ಬ ಕೇಳಿದಾಗ, ಇಲ್ಲ, ವುದೂ ಮುರಿಯುವುದಿಲ್ಲ, ತೇವವಿದ್ದರೆ ತಾಗಿದ ಜಾಗವನ್ನು ತೊಳೆಯಬೇಕು ಅಷ್ಟೇ ಎಂದೆ. ಅವನಿಗೆ ಆಶ್ಚರ್ಯ. "ಹಾಗಾದರೆ ಕಲ್ಲು ಹೊಡೆಯುವುದು ಯಾಕೆ?" ಎಂದ. ಆ ಪ್ರಶ್ನೆಯನ್ನು ನಾನು ದೊಡ್ಡವರಿಗೆ ದಾಟಿಸುತ್ತಿದ್ದೇನೆ.

ನಜಸ್ ಎಂಬುದು ತೊಳೆಯುವ ನಿಯಮ. ಅದು ಆ ಜೀವದ ಮೇಲೆ ಕೊಟ್ಟ ತೀರ್ಪಲ್ಲ. ಆ ನಿಯಮದಲ್ಲಿಯೂ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ನಾಯಿ ಪೂರ್ತಿಯಾಗಿ ನಜಸ್, ತೇವದೊಡನೆ ತಾಗಿದರೆ ಏಳು ಬಾರಿ, ಅದರಲ್ಲಿ ಒಮ್ಮೆ ಮಣ್ಣು ಸೇರಿಸಿ ತೊಳೆಯಬೇಕು. ಘಟ್ಟದ ಮೇಲಿನ ಹೆಚ್ಚಿನವರ ಹನಫಿ ಮದ್‌ಹಬ್‌ನಲ್ಲಿ ಅದರ ಜೊಲ್ಲು ನಜಸ್. ಇಮಾಮ್ ಮಾಲಿಕ್‌ರ ಮದ್‌ಹಬ್‌ನಲ್ಲಿ ಜೀವಂತ ನಾಯಿ ಶುದ್ಧವೇ ಆಗಿದೆ. ಇನ್ನೊಂದು ವಿಷಯ ನಮ್ಮ ಮಕ್ಕಳು ತಯಮ್ಮುಮ್‌ನ ಪಾಠದಲ್ಲಿಯೇ ಕಲಿಯುತ್ತಾರೆ, ಆದರೆ ಯಾರೂ ಅದರ ಮುಂದೆ ನಿಂತು ಯೋಚಿಸುವುದಿಲ್ಲ. ಇರುವ ನೀರು ಬಾಯಾರಿದ ಒಂದು ಜೀವಕ್ಕೆ ಬೇಕಾಗಿದ್ದರೆ ಆ ನೀರನ್ನು ಅದಕ್ಕೆ ಬಿಟ್ಟು ನಾವು ಮಣ್ಣಿನಿಂದ ತಯಮ್ಮುಮ್ ಮಾಡಬೇಕು. ಶಾಫಿಈ ಕರ್ಮಶಾಸ್ತ್ರ ಗ್ರಂಥಗಳು ಆ ಜೀವಗಳ ಸಾಲಿನಿಂದ ಹೊರಗಿಡುವುದು ಕಚ್ಚುವ ಕೆಡುಕಿನ ನಾಯಿಯನ್ನೇ ಹೊರತು ನಾಯಿಯನ್ನಲ್ಲ. ಮುಟ್ಟಿದರೆ ಏಳು ಬಾರಿ ತೊಳೆ ಎಂದ ಅದೇ ಗ್ರಂಥ, ನಮಾಝಿನ ನೀರನ್ನು ಅದಕ್ಕೆ ಕುಡಿಸು ಎಂದೂ ಹೇಳುತ್ತದೆ.

ಬಾಯಾರಿದ ನಾಯಿಗೆ ಬಾವಿಗಿಳಿದು ಶೂವಿನಲ್ಲಿ ನೀರು ತಂದುಕೊಟ್ಟು ಕ್ಷಮೆ ಪಡೆದವನ ಹದೀಸನ್ನು ಪ್ರತಿಯೊಬ್ಬ ಖತೀಬರೂ ಹೇಳುತ್ತಾರೆ. ಅಲ್‌ಕಹ್ಫ್ ಅಧ್ಯಾಯದಲ್ಲಿ ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಶುಕ್ರವಾರಗಳಲ್ಲಿ ಓದುತ್ತೇವೆ. ಆದರೆ ಕೆಲಸ ಮುಗಿದ ಪ್ರಾಣಿಯ ವಿಷಯಕ್ಕೆ ನೇರವಾಗಿ ತಾಗುವ ಮಾತನ್ನು ಬರೆದವರು ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್. ಡಮಾಸ್ಕಸ್‌ನಲ್ಲಿ ಹುಟ್ಟಿ 1262ರಲ್ಲಿ ಕೈರೋದಲ್ಲಿ ನಿಧನರಾದ ದೊಡ್ಡ ಶಾಫಿಈ ವಿದ್ವಾಂಸರು. ಖವಾಇದುಲ್ ಅಹ್ಕಾಮ್ ಎಂಬ ತಮ್ಮ ಗ್ರಂಥದಲ್ಲಿ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಎಣಿಸುತ್ತಾ ಹೋಗುತ್ತಾರೆ. ಅದರ ಆಹಾರದ ಖರ್ಚನ್ನು ಒಡೆಯ ಕೊಡಬೇಕು, ಅದು ಮುಪ್ಪಾಗಿಯೋ ಕಾಯಿಲೆ ಬಿದ್ದೋ ಯಾವ ಪ್ರಯೋಜನಕ್ಕೂ ಬಾರದಾದರೂ ಕೊಡಬೇಕು ಎಂಬುದು ಅವರ ಪಟ್ಟಿಯಲ್ಲಿದೆ. ತೋಟದ ನಾಯಿಯನ್ನು ಘಾಟಿಯಲ್ಲಿ ಬಿಟ್ಟು ಬರುವ ಜೀಪಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ. ಕಾವಲಿಗೆಂದು ಅನುಮತಿ ಪಡೆದು ಇಟ್ಟುಕೊಂಡ ನಾಯಿ ಕಾವಲು ಮಾಡಲಾರದ ದಿನ, ಅನುಮತಿ ಮುಗಿಯಿತು ಹೊರಹಾಕೋಣ ಎಂದು ಲೆಕ್ಕ ಹಾಕುವವರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಇದು ಗ್ರಂಥದಲ್ಲಿಯೇ ಉಳಿದ ಮಾತೂ ಅಲ್ಲ. ಕಳೆದ ಶತಮಾನದ ಸಿರಿಯಾದ ವಿದ್ವಾಂಸ ಡಾ. ಮುಸ್ತಫಾ ಸಿಬಾಈಯವರು ಇಸ್ಲಾಮೀ ನಾಗರಿಕತೆಯ ಬಗ್ಗೆ ಬರೆದ ಕೃತಿಯಲ್ಲಿ ಡಮಾಸ್ಕಸ್‌ನ ಹಸಿರು ಹುಲ್ಲುಗಾವಲಿನ ವಿಷಯ ಬರುತ್ತದೆ. ಮುಪ್ಪಾಗಿ ಒಡೆಯರು ಕೈಬಿಟ್ಟ ಕುದುರೆಗಳು ಸಾಯುವವರೆಗೆ ಮೇಯಲೆಂದು ವಕ್ಫ್ ಮಾಡಿದ ಜಾಗ ಅದು. ಅಲ್ಲಿ ಆಮೇಲೆ ಆಟದ ಮೈದಾನ ಬಂತು ಎಂದೂ ಬರೆದಿದ್ದಾರೆ. ಅದೇ ಊರಿನಲ್ಲಿ ಬೆಕ್ಕುಗಳಿಗೆ ವಕ್ಫ್ ಇತ್ತಂತೆ. ಅಮೆರಿಕದ ಫಾಸ್ಪೈಸ್ ಬಗ್ಗೆ ಓದಿ, ಇದೆಲ್ಲ ಶ್ರೀಮಂತ ದೇಶದವರ ಶೋಕಿ ಎಂದು ನಗುವವರು ನಮ್ಮಲ್ಲಿದ್ದಾರೆ. ಅವರು ಆ ಹುಲ್ಲುಗಾವಲಿನ ಬಗ್ಗೆಯೂ ಸ್ವಲ್ಪ ಓದಿಕೊಳ್ಳಲಿ.

ಹಾಗೆಂದು ಪ್ರತಿಯೊಂದು ಮುಸ್ಲಿಮ್ ಮನೆಯ ಬೈಠಕ್ ಕೋಣೆಗೆ ನಾಯಿ ಬರಲಿ ಎಂದು ನಾನು ಹೇಳುತ್ತಿಲ್ಲ. ಕಾರಣವಿಲ್ಲದೆ ನಾಯಿ ಸಾಕುವುದನ್ನು ನಿರುತ್ತೇಜಿಸುವ ಹದೀಸ್‌ಗಳಿವೆ. ನಮಾಝ್ ಮಾಡುವ ಜಾಗ, ಅಡುಗೆಯ ಪಾತ್ರೆ, ತೆವಳುವ ಮಗುವಿರುವ ಮನೆ, ಇವೆಲ್ಲ ನಿಜವಾದ ತೊಡಕುಗಳು. ನನ್ನ ತಿಳುವಳಿಕೆಯಲ್ಲಿ ಕಾಯಿಲೆಯ ಪ್ರಾಣಿಗೆ ಕೆಲವು ವಾರ ಶುಶ್ರೂಷೆ ಮಾಡುವುದು ಶೋಕಿಗೆ ನಾಯಿ ಸಾಕುವುದಕ್ಕಿಂತ ಬೇರೆ, ಆದರೆ ನಿಮ್ಮ ಮನೆಯ ಪರಿಸ್ಥಿತಿ ಹೇಳಿ ನಿಮ್ಮ ಊರಿನ ಉಸ್ತಾದರನ್ನೇ ಕೇಳಿಕೊಳ್ಳಿ. ತೋಟದ ಮನೆಯವರಿಗಂತೂ ಈ ಪ್ರಶ್ನೆಯೇ ಇಲ್ಲ. ಕೊಟ್ಟಿಗೆಯ ಪಕ್ಕ, ಸೌದೆ ಇಡುವ ಶೆಡ್ಡು, ಪಂಪ್‌ಸೆಟ್ಟಿನ ಕೋಣೆ, ಎಲ್ಲಾದರೂ ಮಳೆ ಬೀಳದ ನಾಲ್ಕಡಿ ಜಾಗ ಇದ್ದೇ ಇರುತ್ತದೆ. ಅದಕ್ಕೆಂದೇ ಒಂದು ಪಾತ್ರೆ, ಕೆಲಸಕ್ಕೊಂದು ಹಳೆಯ ಲುಂಗಿ, ಕೈಗೆ ಗ್ಲೌಸ್. ಮುಗಿದ ಮೇಲೆ ಸ್ನಾನ. ಹನ್ನೆರಡು ವರ್ಷ ದುಡಿದದ್ದಕ್ಕೆ ಕೊನೆಯ ಎರಡು ತಿಂಗಳು ಇಷ್ಟು ಕೊಡುವುದು ಕಷ್ಟವೇ?

ಇನ್ನು ಕೊನೆಯ ಗಳಿಗೆಯ ವಿಷಯ. ಸಮಯ ಬಂತೆಂದು ತಿಳಿಯುವುದು ಹೇಗೆ? ಪ್ರಾಣಿಗಳ ಕ್ಯಾನ್ಸರ್ ತಜ್ಞೆ ಡಾ. ಆಲಿಸ್ ವಿಲ್ಲಾಲೋಬೊಸ್ 2004ರಲ್ಲಿ ಒಂದು ಅಳತೆಗೋಲನ್ನು ಕೊಟ್ಟಿದ್ದಾರೆ, ಇಂದಿಗೂ ಅನೇಕ ಪಶುವೈದ್ಯರು ಅದನ್ನು ಬಳಸುತ್ತಾರೆ. ನೋವು ಹತೋಟಿಯಲ್ಲಿದೆಯೇ, ತಿನ್ನುತ್ತಿದೆಯೇ, ನೀರಿನಂಶ ಸಾಕಷ್ಟಿದೆಯೇ, ಶುಚಿಯಾಗಿ ಇಡಲಾಗುತ್ತಿದೆಯೇ, ಏನಾದರೂ ಕಂಡು ಖುಷಿ ಪಡುತ್ತಿದೆಯೇ, ಚಲಿಸಬಲ್ಲದೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ. ಈ ಏಳಕ್ಕೆ ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕು. ಒಟ್ಟು 70ರಲ್ಲಿ 35ಕ್ಕಿಂತ ಹೆಚ್ಚು ಬಂದರೆ ಆರೈಕೆ ಮುಂದುವರಿಸಬಹುದು. ಮನೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಒಳ್ಳೆಯ ದಿನ, ಕೆಟ್ಟ ದಿನ ಎಂದು ಗುರುತು ಹಾಕಿದರೂ ಸಾಕು, ಎರಡು ವಾರದಲ್ಲಿ ಚಿತ್ರ ಕಣ್ಣೆದುರು ಬರುತ್ತದೆ. ಪ್ರೀತಿಯಿದ್ದವರಿಗೆ ನಾಯಿ ಎಂದಿಗೂ ಚೆನ್ನಾಗಿಯೇ ಕಾಣುತ್ತದೆ, ಬೇಸತ್ತವರಿಗೆ ಇಂದೇ ಸಾಯುವಂತೆ ಕಾಣುತ್ತದೆ. ಆದ್ದರಿಂದ ಬರೆದಿಡುವುದು ಒಳ್ಳೆಯದು.

ಅಂಕ ತೀರಾ ಇಳಿದಾಗ ಅಮೆರಿಕದವರು ಸಾಮಾನ್ಯವಾಗಿ ವೈದ್ಯರನ್ನು ಕರೆಸಿ ಚುಚ್ಚುಮದ್ದಿನ ಮೂಲಕ ನೋವಿಲ್ಲದ ಸಾವನ್ನು ಕೊಡಿಸುತ್ತಾರೆ. ನಮ್ಮ ದೇಶದ 2023ರ ನಿಯಮಗಳೂ ಗುಣವಾಗದ ಕಾಯಿಲೆಯ, ಮಾರಣಾಂತಿಕ ಗಾಯದ ಬೀದಿ ನಾಯಿಗೆ ಪಶುವೈದ್ಯರ ಮೂಲಕ ಇದಕ್ಕೆ ಅವಕಾಶ ಕೊಡುತ್ತವೆ. ಕರ್ಮಶಾಸ್ತ್ರದಲ್ಲಿ ಇದು ಸೂಕ್ಷ್ಮವಾದ ವಿಷಯ. ತಿನ್ನಲಾಗದ ಪ್ರಾಣಿಯನ್ನು ಅದರ ಯಾತನೆ ತಪ್ಪಿಸಲೆಂದು ಕೊನೆಗಾಣಿಸಲು ಹನಫಿ ಮತ್ತು ಮಾಲಿಕಿ ವಿದ್ವಾಂಸರು ಅನುಮತಿ ಕೊಟ್ಟಿದ್ದಾರೆ, ಶಾಫಿಈ ಗ್ರಂಥಗಳು ಅನುಮತಿಸುವುದಿಲ್ಲ. ಇಂದಿನ ಅನೇಕ ಮುಫ್ತಿಗಳು, ಗುಣವಾಗುವ ಆಸೆಯಿಲ್ಲವೆಂದು ವೈದ್ಯರು ಖಚಿತಪಡಿಸಿದರೆ ನೋವಿಲ್ಲದ ವಿಧಾನಕ್ಕೆ ಒಪ್ಪಿಗೆ ಕೊಡುತ್ತಾರೆ. ಎರಡೂ ಕಡೆಯವರು ಒಪ್ಪುವ ಒಂದು ಮಾತಿದೆ. ನಮಗೆ ಹೊರೆಯಾಯಿತು ಎಂಬುದು ಕೊಲ್ಲಲು ಕಾರಣವಾಗದು. ನೋವಿನ ಔಷಧಿ ಕೊಡಿಸದೆ, ಸಹಜವಾಗಿ ಸಾಯಲಿ ಎಂದು ಕಣ್ಣು ಮುಚ್ಚಿಕೊಳ್ಳುವುದೂ ದಯೆ ಎನಿಸದು ಎಂದು ನಾನು ಇದಕ್ಕೆ ಸೇರಿಸುತ್ತೇನೆ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. 2025ರ ಆಗಸ್ಟ್ 11ರಂದು ಸುಪ್ರೀಮ್ ಕೋರ್ಟ್ ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಿಗೆ ಸೇರಿಸಬೇಕೆಂದು ಹೇಳಿತು. ಅದೇ ತಿಂಗಳ 22ರಂದು ಆ ಆದೇಶವನ್ನು ತಿದ್ದಿ, ರೇಬೀಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಉಳಿದವನ್ನು ಸಂತಾನಹರಣ ಮಾಡಿ ಲಸಿಕೆ ಹಾಕಿ ಅವುಗಳ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದ��� ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿ ಬಿಡದೆ ಆಶ್ರಯ ಕೇಂದ್ರಗಳಲ್ಲಿ ಇಡಬೇಕೆಂದಿತು. ಶಾಲೆಯ ಶಿಕ್ಷಕನಾಗಿ ಮಕ್ಕಳ ಸುರಕ್ಷತೆಯ ಕಾಳಜಿ ನನಗೂ ಇದೆ, ನಾಯಿ ಕಚ್ಚಿಸಿಕೊಂಡ ಮಗುವಿನ ಅಳು ಕೇಳಿದವರು ಈ ಚರ್ಚೆಯನ್ನು ಹಗುರವಾಗಿ ಕಾಣಲಾರರು. ಆದರೆ ನಾಯಿಗಳು ಕೇಂದ್ರಗಳಿಗೆ ಸೇರಿದಂತೆ ಅವು ಅಲ್ಲಿಯೇ ಮುದಿಯಾಗುತ್ತವೆ. ಮರಿಗಳಿಗೆ ಮನೆ ಸಿಗುತ್ತದೆ, ಕಚ್ಚಲು ಹಲ್ಲೂ ಉಳಿಯದ ಮುದಿ ನಾಯಿ ಸಿಮೆಂಟ್ ನೆಲದ ಮೇಲೆ ಉಳಿಯುತ್ತದೆ.

ಇಂಥವುಗಳನ್ನು ನೋಡಿಕೊಳ್ಳುವವರು ನಮ್ಮ ನಡುವೆಯೂ ಇದ್ದಾರೆ. ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ ಸಂಸ್ಥೆಯಿದೆ, ಚಾರ್ಲಿ ಎಂಬ ಮೂರು ಕಾಲಿನ ನಾಯಿಯ ಹೆಸರಿನಲ್ಲಿ ನಡೆಯುವ ರಕ್ಷಣಾ ಕೇಂದ್ರವಿದೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ರಾಜಸ್ಥಾನದ ಉದಯಪುರದಲ್ಲಿ 2002ರಲ್ಲಿ ಅಮೆರಿಕದ ಕುಟುಂಬವೊಂದು ಆರಂಭಿಸಿದ ಅನಿಮಲ್ ಏಡ್ ಅನ್‌ಲಿಮಿಟೆಡ್‌ನಲ್ಲಿ ಸೊಂಟ ಬಿದ್ದ ನಾಯಿಗಳು ಜೀವನಪೂರ್ತಿ ಇರುತ್ತವೆ. ಇವರಿಗೆ ಮುದಿ ನಾಯಿಯನ್ನು ಮನೆಗೆ ಒಯ್ಯುವವರು ಬೇಕು. ಅದು ಆಗದವರಿಂದ ಸಣ್ಣ ಸಣ್ಣ ಸಹಾಯವೂ ನಡೆಯುತ್ತದೆ. ಒಂದು ನಾಯಿಯ ತಿಂಗಳ ಔಷಧಿಯ ಬಿಲ್ಲು, ವೈದ್ಯರಲ್ಲಿಗೆ ಕರೆದೊಯ್ಯಲು ಒಂದು ದಿನ ಆಟೋ, ಹಾಸಲು ಹಳೆಯ ಬೆಡ್‌ಶೀಟು ಟವೆಲುಗಳು. ಶಅಬಾನಿನಲ್ಲಿ ಮನೆ ಒರೆಸಿ ತೊಳೆಯುವಾಗ ಕಪಾಟಿನಿಂದ ಹೊರಬೀಳುವ ಹರಕು ಚಾದರಗಳನ್ನು ಸುಡಬೇಡಿ. ಒಗೆದು ಒಣಗಿಸಿ ಗೋಣಿಯಲ್ಲಿ ತುಂಬಿಡಿ, ಪೇಟೆಗೆ ಹೋಗುವವರ ಕೈಯಲ್ಲಿ ಕಳುಹಿಸಿಕೊಡಿ.